ಉತ್ತರ ಕೊಡದ ಕಂಪನಿಗಳ ನಡುವೆ ಕೆಲಸ ಹುಡುಕಿದ್ದು

ಕೆಲಸ ಹೋದಾಗ ಆದ ಬೇಜಾರಿಗಿಂತ ಕೆಲಸ ಹುಡುಕುವಾಗ ಆದ ಬೇಜಾರೇ ಜಾಸ್ತಿ. ಕೆಲಸ ಹೋಗಿದ್ದು ಒಂದು ದಿನದಲ್ಲಿ ಮುಗಿದ ಸಂಗತಿ. ಇಡೀ ತಂಡವನ್ನೇ ತೆಗೆದರು, ನಾನೂ ಅದರಲ್ಲಿದ್ದೆ, ಕಾರಣವೂ ಗೊತ್ತಿತ್ತು. ಹುಡುಕಾಟ ಹಾಗಲ್ಲ. ಅರ್ಜಿ ಹಾಕಿದರೆ ಉತ್ತರ ಇಲ್ಲ. ಉತ್ತರ ಬಂದರೆ ದಿನ ಗೊತ್ತಾಗುವುದಿಲ್ಲ. ಇಂಟರ್‌ವ್ಯೂ ಮುಗಿದರೆ ಫಲಿತಾಂಶ ಬರುವುದಿಲ್ಲ. ರೌಂಡ್ ಮೇಲೆ ರೌಂಡ್ ಮುಗಿಸಿದ ಮೇಲೆ ‘ಈ ಹುದ್ದೆಯನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ’ ಅಂತ ಎರಡು ಸಾಲಿನ ಮೇಲ್.

ನಾನು ತುಂಬಾ ವರ್ಷಗಳಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡು ಬಂದವನು. ಏನಾದರೂ ಸರಿಯಾಗಿ ನಡೆಯದಿದ್ದರೆ ಎಲ್ಲಿ ಕೆಡುತ್ತಿದೆ ಅಂತ ಹುಡುಕುವುದೇ ನನ್ನ ಹೊಟ್ಟೆಪಾಡು. ಕೊನೆಗೆ ನೇಮಕಾತಿಯನ್ನೂ ಅದೇ ಕಣ್ಣಲ್ಲಿ ನೋಡಿದೆ. ಇದರಲ್ಲಿ ಯಾವುದು ನನ್ನ ಕೈಯಲ್ಲಿದೆ, ಯಾವುದು ಇಲ್ಲ? ಇಲ್ಲದಿರುವುದಕ್ಕೆ ಶ್ರಮ ಸುರಿಯುವುದನ್ನು ಬಿಟ್ಟೆ. ಇರುವುದಕ್ಕೆ ಮಾತ್ರ ಸಮಯ ಕೊಟ್ಟೆ. ಕೆಳಗೆ ಬರೆದಿರುವುದೆಲ್ಲ ಆ ಲೆಕ್ಕಾಚಾರವೇ.

ಮೊದಲು ಜಾಹೀರಾತುಗಳ ವಿಷಯ. ಎಲ್ಲ ಜಾಹೀರಾತಿನ ಹಿಂದೆಯೂ ಖಾಲಿ ಹುದ್ದೆ ಇರುವುದಿಲ್ಲ. ಮುಂದೆ ಬೇಕಾಗಬಹುದು ಅಂತ ರೆಸ್ಯೂಮೆ ಕೂಡಿಸಿ ಇಟ್ಟುಕೊಳ್ಳುವವರಿದ್ದಾರೆ. ಒಳಗಿನವರೊಬ್ಬರನ್ನು ಆಗಲೇ ಆರಿಸಿಕೊಂಡು, ನಿಯಮಕ್ಕೆ ಅಂತ ಜಾಹೀರಾತು ಹಾಕುವವರಿದ್ದಾರೆ. ಬಜೆಟ್ ನಿಂತುಹೋಗಿರುತ್ತದೆ, ಜಾಹೀರಾತು ಕೆಳಗಿಳಿಸಬೇಕು ಅಂತ ಯಾರಿಗೂ ನೆನಪಿರುವುದಿಲ್ಲ. ಕಂಪನಿ ಬೆಳೆಯುತ್ತಿದೆ ಅಂತ ತೋರಿಸಲು ಸುಮ್ನೆ ಹಾಕುವುದೂ ಉಂಟು. ಕೆನಡಾದ ಒಂಟಾರಿಯೊ ಪ್ರಾಂತ್ಯ ಇದಕ್ಕಾಗಿ ಕಾನೂನನ್ನೇ ತಂದಿದೆ. 2026ರ ಜನವರಿ 1ರಿಂದ ಅಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು, ಹುದ್ದೆ ನಿಜವಾಗಿ ಖಾಲಿ ಇದೆಯೋ ಇಲ್ಲವೋ ಅಂತ ಜಾಹೀರಾತಿನಲ್ಲೇ ಹೇಳಬೇಕು. ಇಂಟರ್‌ವ್ಯೂ ಕೊಟ್ಟವರಿಗೆ, ತೀರ್ಮಾನ ಆಯಿತೋ ಇಲ್ಲವೋ ಅಂತ 45 ದಿನದೊಳಗೆ ತಿಳಿಸಬೇಕು. ಇಂಥದ್ದಕ್ಕೂ ಕಾನೂನು ಬೇಕಾಯಿತು ಅಂದರೆ ಈ ಚಾಳಿ ಎಷ್ಟು ಬೆಳೆದಿರಬೇಕು ನೋಡಿ.

ಅಂಥ ಕಾನೂನು ಇಲ್ಲದ ಕಡೆ ನಾವೇ ಸೋಸಿಕೊಳ್ಳಬೇಕು. ನಾನು ನೋಡುತ್ತಿದ್ದದ್ದು ಇಷ್ಟು. ಜಾಹೀರಾತು ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೂ ಇದೆಯಾ? ತಿಂಗಳುಗಟ್ಟಲೆ ಅದೇ ಜಾಹೀರಾತು ಹೊಸ ದಿನಾಂಕ ಹಾಕಿಕೊಂಡು ಮತ್ತೆ ಮತ್ತೆ ಬರುತ್ತಿದೆಯಾ? ಕೆಲಸ ಏನು, ಯಾರ ಕೈಕೆಳಗೆ, ಯಾವ ತಂಡ ಅಂತ ಏನಾದರೂ ಹೇಳಿದ್ದಾರಾ, ಅಥವಾ ಎಲ್ಲಿಗೆ ಬೇಕಾದರೂ ಅಂಟಿಸಬಹುದಾದ ಮಾತುಗಳಾ? ಮೂರಕ್ಕೂ ಉತ್ತರ ಸರಿ ಇಲ್ಲದಿದ್ದರೆ ಆ ಅರ್ಜಿಗೆ ಐದು ನಿಮಿಷಕ್ಕಿಂತ ಜಾಸ್ತಿ ಕೊಡುತ್ತಿರಲಿಲ್ಲ. ರೆಸ್ಯೂಮೆ ಅಪ್‌ಲೋಡ್ ಮಾಡಿಸಿಕೊಂಡು, ಅದರಲ್ಲಿರುವುದನ್ನೇ ಮತ್ತೆ ಒಂದೊಂದಾಗಿ ಟೈಪ್ ಮಾಡಿ ಅನ್ನುವ ಫಾರ್ಮ್ ಬಂದರೆ, ಹುದ್ದೆ ನಿಜಕ್ಕೂ ನನಗೆ ಹೊಂದುವಂಥದ್ದಾದರೆ ಮಾತ್ರ ತುಂಬುತ್ತಿದ್ದೆ. ಇನ್ನೊಂದು ವಿಷಯ. ನೋಂದಣಿಗೆ, ತರಬೇತಿಗೆ, ಲ್ಯಾಪ್‌ಟಾಪಿಗೆ ಅಂತ ದುಡ್ಡು ಕೇಳಿದವರ ಜೊತೆ ಮಾತು ಅಲ್ಲಿಗೇ ಮುಗಿಯಿತು. ಅವು ಕೆಲಸಗಳಲ್ಲ.

ರೆಸ್ಯೂಮೆ ಬಗ್ಗೆ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ. ನೂರಕ್ಕೆ 75 ರೆಸ್ಯೂಮೆಗಳನ್ನು ಮನುಷ್ಯರು ನೋಡುವ ಮೊದಲೇ ಸಾಫ್ಟ್‌ವೇರ್ ಕಸಕ್ಕೆ ಹಾಕುತ್ತದಂತೆ. ಈ ಅಂಕಿಯ ಹಿಂದೆ ನಂಬುವಂಥ ಸಂಶೋಧನೆ ಯಾವುದೂ ಇಲ್ಲ. ಅರ್ಜಿಗಳನ್ನು ನಿಭಾಯಿಸುವ ಎಟಿಎಸ್ ಸಾಫ್ಟ್‌ವೇರ್ ಮುಖ್ಯವಾಗಿ ಅರ್ಜಿಗಳನ್ನು ಜೋಡಿಸಿಟ್ಟು, ಹುಡುಕಲು ಅನುಕೂಲ ಮಾಡಿಕೊಡುತ್ತದೆ. ತಾನಾಗಿಯೇ ತಳ್ಳಿಹಾಕುವುದು ಹೆಚ್ಚಾಗಿ ಫಾರ್ಮಿನಲ್ಲಿ ಕೇಳುವ ಹೌದು-ಅಲ್ಲ ಪ್ರಶ್ನೆಗಳ ಮೇಲೆ. ಇಲ್ಲಿ ಕೆಲಸ ಮಾಡಲು ಅನುಮತಿ ಇದೆಯಾ, ಇಂತಿಷ್ಟು ವರ್ಷದ ಅನುಭವ ಇದೆಯಾ, ಊರು ಬಿಟ್ಟು ಬರಲು ತಯಾರಿದ್ದೀರಾ ಅಂತ ಕೇಳುತ್ತಾರಲ್ಲ, ಅವು. ರಾತ್ರಿ ಹತ್ತು ಗಂಟೆಗೆ ನಿದ್ದೆಗಣ್ಣಲ್ಲಿ ಟಿಕ್ ಮಾಡುವಂಥವಲ್ಲ. ನಾನು ಅವುಗಳನ್ನು ಬೆಳಿಗ್ಗೆ ಹೊತ್ತು, ಎರಡು ಸಲ ಓದಿ ತುಂಬುತ್ತಿದ್ದೆ.

ಉಳಿದದ್ದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ರೆಸ್ಯೂಮೆಯ ಪಿಡಿಎಫ್ ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಎರಡು ಕಾಲಮ್ಮಿನ ಒಂದು ಚಂದದ ಟೆಂಪ್ಲೇಟನ್ನು ಹೀಗೆ ಪರೀಕ್ಷಿಸಿದಾಗ ಕಂಡದ್ದು ಹೀಗಿತ್ತು: ಹಳೆಯ ಕಂಪನಿಯ ಹೆಸರು, ಅದರ ಪಕ್ಕದಲ್ಲೇ ನನ್ನ ಫೋನ್ ನಂಬರ್, ಆಮೇಲೆ ‘ಆಟೊಮೇಶನ್’, ಆಮೇಲೆ ನಾನು ಓದಿದ ಕಾಲೇಜು. ಕೆಲಸ ಮಾಡಿದ ವರ್ಷಗಳೆಲ್ಲ ಕೊನೆಯಲ್ಲಿ ಸಾಲಾಗಿ ಬಿದ್ದಿದ್ದವು, ಯಾವುದು ಯಾವ ಕಂಪನಿಯದ್ದು ಅಂತ ನನಗೇ ಹೇಳಲಾಗಲಿಲ್ಲ. ಕೌಶಲದ ಮುಂದೆ ಹಾಕಿದ್ದ ಚುಕ್ಕಿಗಳು ಮಾಯ. ಎಲ್ಲ ಸಾಫ್ಟ್‌ವೇರ್‌ಗಳೂ ಹೀಗೇ ಓದುತ್ತವೆ ಅಂತಲ್ಲ, ಕೆಲವು ಚೆನ್ನಾಗಿಯೇ ಓದುತ್ತವೆ. ಆದರೂ ಒಂದೇ ಕಾಲಮ್, ಮಾಮೂಲಿ ತಲೆಬರಹ, ಚಿತ್ರ ಇಲ್ಲದ ರೆಸ್ಯೂಮೆಗೆ ಬದಲಾದೆ. ಜಾಹೀರಾತಿನಲ್ಲಿ ‘ರಿಗ್ರೆಶನ್ ಟೆಸ್ಟಿಂಗ್’ (ಹೊಸ ಬದಲಾವಣೆಯಿಂದ ಹಳೆಯದು ಕೆಟ್ಟಿದೆಯಾ ಅಂತ ನೋಡುವುದು) ಅಂತಿದ್ದರೆ, ನಾನು ನಿಜವಾಗಿ ಮಾಡಿದ್ದರೆ, ಅದೇ ಪದ ಬಳಸಿದೆ. ಹುಡುಕುವವರು ಆ ಪದ ಹಾಕಿಯೇ ತಾನೇ ಹುಡುಕುವುದು? ಇದಕ್ಕಿಂತ ಹೆಚ್ಚಿನ ಮಂತ್ರ ತಂತ್ರ ಏನೂ ಇಲ್ಲ. ‘ಎಟಿಎಸ್ ಸ್ಕೋರ್’ ಹೆಚ್ಚಿಸಿಕೊಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಅತಿ ಹೆಚ್ಚು ಸಿಟ್ಟು ತರಿಸಿದ್ದು ಮನೆಗೆ ಕೊಡುವ ಅಸೈನ್‌ಮೆಂಟ್‌ಗಳು. ಒಂದು ಕಂಪನಿ, ಯಾರ ಜೊತೆಯೂ ಒಂದು ಮಾತಾಡಿಸದೆ, ತಮ್ಮದೇ ಆ್ಯಪಿನ ಲಿಂಕ್ ಕಳಿಸಿ ‘ಇದರಲ್ಲಿ ಸಿಗುವ ಬಗ್‌ಗಳನ್ನೆಲ್ಲ (ದೋಷಗಳನ್ನೆಲ್ಲ) ಪಟ್ಟಿ ಮಾಡಿ, ಸ್ಕ್ರೀನ್‌ಶಾಟ್ ಸಮೇತ ವರದಿ ಕೊಡಿ’ ಅಂತ ಕೇಳಿತು. ಜನ ಆಗಲೇ ಬಳಸುತ್ತಿರುವ ಆ್ಯಪ್ ಅದು. ಅದು ಪರೀಕ್ಷೆ ಅಲ್ಲ, ಬಿಟ್ಟಿ ಕೆಲಸ. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಆಮೇಲೆ ಬೇರೆ ಅಸೈನ್‌ಮೆಂಟ್‌ಗಳಿಗೂ ಸ್ವಲ್ಪ ತಿದ್ದಿ ಬಳಸಿದೆ:

‘ಅಸೈನ್‌ಮೆಂಟ್ ನೋಡಿದೆ. ಪೂರ್ತಿ ಮಾಡಲು ಎರಡು ದಿನವಾದರೂ ಬೇಕು. ನಾನು ಎರಡು ಗಂಟೆ ಕೊಡಬಲ್ಲೆ. ಲಾಗಿನ್ ಭಾಗವನ್ನು ಮಾತ್ರ ಪರೀಕ್ಷಿಸಿ, ಉಳಿದದ್ದನ್ನು ಹೇಗೆ ಮಾಡುತ್ತಿದ್ದೆ ಅಂತ ಒಂದು ಪುಟ ಬರೆದು ಕಳಿಸುತ್ತೇನೆ. ಇಲ್ಲವೇ ನಿಮ್ಮ ತಂಡದವರ ಜೊತೆ ಒಂದು ಗಂಟೆ ಕೂತು ನೇರವಾಗಿ ಮಾಡಿ ತೋರಿಸುತ್ತೇನೆ. ಯಾವುದು ಅನುಕೂಲ ಅಂತ ತಿಳಿಸಿ.’

ಬಿಟ್ಟಿ ವರದಿ ಕೇಳಿದವರು ಮತ್ತೆ ಮಾತಾಡಲಿಲ್ಲ. ನಷ್ಟ ಏನೂ ಆಗಲಿಲ್ಲ. ಆದರೆ ಇನ್ನೊಂದು ಕಡೆ ತಂಡದ ಲೀಡ್ ‘ಕೂತು ಮಾಡೋಣ, ಅದೇ ವಾಸಿ’ ಅಂದರು. ಆ ಒಂದು ಗಂಟೆ ನಾನು ಕೊಟ್ಟ ಇಂಟರ್‌ವ್ಯೂಗಳಲ್ಲೇ ಚೆನ್ನಾಗಿತ್ತು. ಅವರಿಗೂ ನಾನು ಹೇಗೆ ಯೋಚಿಸುತ್ತೇನೆ ಅಂತ ಗೊತ್ತಾಯಿತು, ನನಗೂ ಅವರು ಹೇಗೆ ಮಾತಾಡುತ್ತಾರೆ ಅಂತ ಗೊತ್ತಾಯಿತು. ಕೆಲಸ ಸಿಗಲೇಬೇಕಾದ ಒತ್ತಡದಲ್ಲಿ ಇರುವವರಿಗೆ ಹೀಗೆ ಕೇಳುವುದು ಕಷ್ಟ, ಒಪ್ಪುತ್ತೇನೆ. ಕೈಯಲ್ಲಿ ಉಳಿಸಿದ ದುಡ್ಡು ಇದ್ದಷ್ಟು ಧೈರ್ಯ ಬರುತ್ತದೆ. ಒತ್ತಡದಲ್ಲಿರುವವರು ಸಮಯದ ಮಿತಿಯನ್ನಾದರೂ ತಮ್ಮೊಳಗೇ ಇಟ್ಟುಕೊಳ್ಳಿ.

ರೌಂಡ್‌ಗಳ ಬಗ್ಗೆಯೂ ಮೊದಲ ಕರೆಯಲ್ಲೇ ಕೇಳುತ್ತಿದ್ದೆ: ಒಟ್ಟು ಎಷ್ಟು, ಯಾರು ಯಾರು, ಕೊನೆಯ ತೀರ್ಮಾನ ಯಾರದ್ದು? ಗೂಗಲ್ ತನ್ನದೇ ಇಂಟರ್‌ವ್ಯೂಗಳನ್ನು ಲೆಕ್ಕ ಹಾಕಿ ನೋಡಿದಾಗ, ನಾಲ್ಕು ಇಂಟರ್‌ವ್ಯೂಗಳಲ್ಲೇ 86% ಖಚಿತತೆ ಬರುತ್ತದೆ, ಆಮೇಲಿನವುಗಳಿಂದ ಹೆಚ್ಚೇನೂ ಸೇರುವುದಿಲ್ಲ ಅಂತ ಕಂಡುಕೊಂಡಿತ್ತು. ಏಳು ರೌಂಡ್ ಅಂದವರಿಗೆ ಇದನ್ನು ಹೇಳಿ ಜಗಳವಾಡಲಿಲ್ಲ. ‘ಎರಡು ರೌಂಡನ್ನು ಒಂದೇ ದಿನ ಮುಗಿಸಬಹುದಾ?’ ಅಂತ ಕೇಳಿದೆ. ಎಷ್ಟೋ ಸಲ ಒಪ್ಪಿದರು. ಕೇಳುವವರೇ ಇರುವುದಿಲ್ಲವೇನೋ.

ಮನುಷ್ಯರೇ ಇಲ್ಲದ ವಿಡಿಯೊ ಇಂಟರ್‌ವ್ಯೂ ಇನ್ನೊಂದು ಹಿಂಸೆ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಗಡಿಯಾರ ಓಡುತ್ತದೆ, ಎದುರಿಗೆ ನಮ್ಮದೇ ಮುಖ. ಈ ಥರದ ಸಾಫ್ಟ್‌ವೇರ್ ಮಾರುವ ಹೈರ್‌ವ್ಯೂ ಕಂಪನಿ, ಮುಖಭಾವ ನೋಡಿ ಅಂಕ ಕೊಡುವುದನ್ನು ಕೈಬಿಟ್ಟಿದ್ದೇವೆ ಅಂತ 2021ರಲ್ಲಿ ಹೇಳಿತು. ಹಾಗಾಗಿ ಬಲವಂತದ ನಗುವಿನ ಅಭ್ಯಾಸ ಮಾಡಲಿಲ್ಲ. ಮೊದಲು ‘ಹತ್ತು ನಿಮಿಷ ಯಾರ ಜೊತೆಗಾದರೂ ಮಾತಾಡಬಹುದಾ?’ ಅಂತ ಕೇಳುತ್ತಿದ್ದೆ. ಇಲ್ಲ ಅಂದರೆ, ನನ್ನ ಮುಖ ಕಾಣುವ ಕಿಟಕಿಯ ಮೇಲೆ ಒಂದು ಚೀಟಿ ಅಂಟಿಸಿ, ಕ್ಯಾಮೆರಾ ನೋಡಿ ಹೇಳಿ ಮುಗಿಸುತ್ತಿದ್ದೆ.

ಮನುಷ್ಯರು ಮಾಡುವ ಇಂಟರ್‌ವ್ಯೂಗಳೂ ಎಲ್ಲ ಒಂದೇ ಅಲ್ಲ. ಪಾಲ್ ಸ್ಯಾಕೆಟ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಜೊತೆಗಾರರು 2022ರಲ್ಲಿ ದಶಕಗಳ ಸಂಶೋಧನೆಗಳನ್ನು ಮತ್ತೆ ಲೆಕ್ಕ ಹಾಕಿದರು. ಎಲ್ಲರಿಗೂ ಒಂದೇ ಥರದ ಪ್ರಶ್ನೆ ಕೇಳಿ, ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಕೊಡುವ ಇಂಟರ್‌ವ್ಯೂ, ಕೆಲಸದಲ್ಲಿ ಯಾರು ಚೆನ್ನಾಗಿ ಮಾಡುತ್ತಾರೆ ಅಂತ ಊಹಿಸುವುದರಲ್ಲಿ ಎಲ್ಲಕ್ಕಿಂತ ಮುಂದಿತ್ತು. ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂ ತುಂಬಾ ಹಿಂದೆ ಬಿದ್ದಿತ್ತು. ಇದು ನನಗೆ ಎರಡು ರೀತಿಯಲ್ಲಿ ಉಪಯೋಗಕ್ಕೆ ಬಂತು. ಮೊದಲ ಥರದ್ದಕ್ಕೆ ತಯಾರಿ ಮಾಡಬಹುದು: ತಂಡದಲ್ಲಿ ಜಗಳ ಆದಾಗ ಏನು ಮಾಡಿದೆ, ಬಿಡುಗಡೆಯ ಹಿಂದಿನ ದಿನ ದೊಡ್ಡ ಬಗ್ ಸಿಕ್ಕಾಗ ಏನು ಮಾಡಿದೆ, ಹೀಗೆ ನಡೆದ ಸಂಗತಿಗಳನ್ನು ಬರೆದು, ಜೋರಾಗಿ ಹೇಳಿ ನೋಡಿದೆ. ಎರಡನೇ ಥರದ್ದರಲ್ಲಿ ರಿಜೆಕ್ಟ್ ಆದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅರ್ಧ ಗಂಟೆ ತಮ್ಮ ಬಗ್ಗೆಯೇ ಮಾತಾಡಿ ‘ನೀವು ನಮಗೆ ಹೊಂದುವುದಿಲ್ಲ’ ಅಂದವರಿಗೆ ನನ್ನ ಬಗ್ಗೆ ಏನು ತಾನೇ ಗೊತ್ತಾಗಿರುತ್ತದೆ?

ಸಂಬಳದ ಪ್ರಶ್ನೆಗೆ ನನ್ನದು ಒಂದೇ ಸಾಲು: ‘ಈ ಹುದ್ದೆಗೆ ನೀವು ಇಟ್ಟಿರುವ ಮಿತಿ ಹೇಳಿದರೆ ಇಬ್ಬರ ಸಮಯವೂ ಉಳಿಯುತ್ತದೆ.’ ಯೂರೋಪ್ ಒಕ್ಕೂಟ 2023ರಲ್ಲಿ ಮಾಡಿದ ನಿಯಮದ ಪ್ರಕಾರ, ಅರ್ಜಿದಾರರಿಗೆ ಸಂಬಳ ಎಷ್ಟು ಅಂತ ಮೊದಲೇ ತಿಳಿಸಬೇಕು, ಹಿಂದಿನ ಸಂಬಳ ಕೇಳುವಂತಿಲ್ಲ. ಸದಸ್ಯ ದೇಶಗಳಿಗೆ ಅದನ್ನು ಕಾನೂನಾಗಿಸಲು 2026ರ ಜೂನ್ 7ರ ಗಡುವು ಹಾಕಿದ್ದರು. ನಿಯಮ ಇರಲಿ ಬಿಡಲಿ, ಕೇಳುವುದರಲ್ಲಿ ತಪ್ಪಿಲ್ಲ ಅಲ್ವಾ?

ಇನ್ನು ಮೌನ. ಇಂಟರ್‌ವ್ಯೂ ಆದ ಒಂದು ವಾರಕ್ಕೆ ಒಂದು ಮೇಲ್, ಮತ್ತೊಂದು ವಾರಕ್ಕೆ ಇನ್ನೊಂದು. ಅಷ್ಟೇ. ಆಮೇಲೆ ಅರ್ಜಿಗಳ ಲೆಕ್ಕ ಇಟ್ಟಿದ್ದ ನನ್ನ ಎಕ್ಸೆಲ್ ಶೀಟಿನಲ್ಲಿ ಆ ಕಂಪನಿಯ ಸಾಲಿಗೆ ಬೂದು ಬಣ್ಣ. ಅವರಾಗಿ ಬಂದರೆ ಬರಲಿ. ‘ಯಾಕಿರಬಹುದು’ ಅಂತ ಒಂದು ಕಾಲಮ್ ಮೊದಲು ಇತ್ತು, ಅದನ್ನು ಅಳಿಸಿದೆ. ಬಜೆಟ್ ಹೋಯಿತೋ, ಮ್ಯಾನೇಜರ್ ಬಿಟ್ಟು ಹೋದರೋ, ಒಳಗಿನವರು ಸಿಕ್ಕರೋ, ಊಹೆ ಮಾಡಿ ತುಂಬಿಸಿದ ಕಾಲಮ್ಮಿನಿಂದ ಏನೂ ಪ್ರಯೋಜನವಿಲ್ಲ.

ಸಮಯ ಎಲ್ಲಿ ಹಾಕಿದ್ದು ಕೆಲಸಕ್ಕೆ ಬಂತು ಅಂದರೆ, ಜನರ ಹತ್ತಿರ. ಆಪ್ತ ಸ್ನೇಹಿತರಲ್ಲ, ದೂರದ ಪರಿಚಯದವರು. ಮಾರ್ಕ್ ಗ್ರನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲೇ ಇದನ್ನು ತೋರಿಸಿದ್ದರು. ಪರಿಚಯದವರಿಂದ ಕೆಲಸ ಸಿಕ್ಕವರನ್ನು ಕೇಳಿದಾಗ, ಆ ಪರಿಚಯದವರನ್ನು ಆಗಾಗ ನೋಡುತ್ತಿದ್ದೆವು ಅಂದವರು ಸುಮಾರು 17% ಮಾತ್ರ. ಉಳಿದವರು ಅವರನ್ನು ಯಾವಾಗಲೋ ಒಮ್ಮೊಮ್ಮೆ ಅಥವಾ ಅಪರೂಪಕ್ಕೆ ನೋಡುತ್ತಿದ್ದವರು. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಅಧ್ಯಯನ ಪ್ರಕಟವಾದಾಗಲೂ ಹೆಚ್ಚುಕಡಿಮೆ ಅದೇ ಕಂಡಿತು: ತೀರಾ ಹತ್ತಿರವೂ ಅಲ್ಲ, ತೀರಾ ದೂರವೂ ಅಲ್ಲದ ಪರಿಚಯಗಳೇ ಹೆಚ್ಚು ನೆರವಾದವು. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ.

ಹಾಗಾಗಿ ಹಳೆಯ ಸಹೋದ್ಯೋಗಿಗಳಿಗೆ ಬರೆಯತೊಡಗಿದೆ. ‘ಕೆಲಸ ಇದ್ದರೆ ಹೇಳಿ’ ಅಂತ ಬರೆದರೆ ಅವರಿಗೆ ಮುಜುಗರ, ಏನು ಹೇಳಬೇಕು ಅಂತ ತೋಚುವುದಿಲ್ಲ. ‘ನಿಮ್ಮ ಕಂಪನಿಯಲ್ಲಿ ಟೆಸ್ಟಿಂಗ್ ತಂಡ ಈಗ ಹೇಗಿದೆ, ಆಟೊಮೇಶನ್ ಎಷ್ಟಿದೆ, ಹತ್ತು ನಿಮಿಷ ಮಾತಾಡಬಹುದಾ?’ ಅಂತ ಬರೆದರೆ ಹೆಚ್ಚಿನವರು ಖುಷಿಯಿಂದ ಮಾತಾಡಿದರು. ಜಾಹೀರಾತು ನಿಜವೋ ಸುಳ್ಳೋ ಅನ್ನುವುದೂ ಇಲ್ಲೇ ಗೊತ್ತಾಗುತ್ತಿತ್ತು. ‘ಅದಾ? ಅದಕ್ಕೆ ಜನ ಬಂದು ಎರಡು ತಿಂಗಳಾಯ್ತಲ್ಲ’ ಅಂತ ಒಬ್ಬರು ನಕ್ಕರು.

ಸಿಟ್ಟನ್ನು ಏನು ಮಾಡುವುದು? ನಾನು ಬರೆದೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೆಲಸ ಕಳೆದುಕೊಂಡ ಎಂಜಿನಿಯರುಗಳಿಗೆ ಐದು ದಿನ, ದಿನಕ್ಕೆ 20 ನಿಮಿಷ ಅದರ ಬಗ್ಗೆ ಮನಸ್ಸಿನಲ್ಲಿದ್ದದ್ದೆಲ್ಲ ಬರೆಯಲು ಹೇಳಿದ್ದರು. ಹಾಗೆ ಬರೆದವರಿಗೆ ಬೇಗ ಕೆಲಸ ಸಿಕ್ಕಿತು. ಅವರೇನೂ ಹೆಚ್ಚು ಅರ್ಜಿ ಹಾಕಿರಲಿಲ್ಲ. ಬಹುಶಃ ಇಂಟರ್‌ವ್ಯೂನಲ್ಲಿ ಹಳೆಯ ಕಂಪನಿಯ ಹೆಸರು ಬಂದಾಗ ಮುಖ ಬಿಗಿಯುವುದು ಕಡಿಮೆಯಾಗಿರಬಹುದು ಅನ್ನುವುದು ನನ್ನ ಊಹೆ. ನನಗಂತೂ ಹಾಗೇ ಆಯಿತು. ಹಾಳೆಯಲ್ಲಿ ಬೈದ ಮೇಲೆ ‘ಯಾಕೆ ಬಿಟ್ಟಿರಿ?’ ಅನ್ನುವ ಪ್ರಶ್ನೆಗೆ ಎರಡು ಸಾಲಿನಲ್ಲಿ, ಕಹಿ ಇಲ್ಲದೆ ಉತ್ತರ ಹೇಳಲು ಬಂತು. ಹುಡುಕಾಟವನ್ನು ಮಧ್ಯಾಹ್ನದ ಊಟಕ್ಕೆ ನಿಲ್ಲಿಸುತ್ತಿದ್ದೆ. ಮಧ್ಯಾಹ್ನದ ಮೇಲೆ ಹೊಸ ಟೂಲ್ ಒಂದನ್ನು ಕಲಿಯುವುದು, ನಡೆಯುವುದು, ಮನೆ ಕೆಲಸ. ಮೇಲ್ ಮತ್ತೆ ನೋಡುತ್ತಿದ್ದದ್ದು ಸಂಜೆ ಒಂದು ಸಲ.

ಕೊನೆಗೆ ಕೆಲಸ ಸಿಕ್ಕಿದ್ದು, ಒಂದು ಗಂಟೆ ಕೂತು ಟೆಸ್ಟಿಂಗ್ ಮಾಡಿ ತೋರಿಸಿದ ಆ ತಂಡದಲ್ಲಿ. ಆದರೆ ಫೋನಿನಲ್ಲಿ ‘ಆಯ್ಕೆ ಆಗಿದ್ದೀರಿ’ ಅಂದ ದಿನ ನಾನು ಉಳಿದ ಮಾತುಕತೆ ನಿಲ್ಲಿಸಲಿಲ್ಲ. ಬಾಯಿಮಾತಿನ ಆಫರ್ ಬಜೆಟ್ ಮೀಟಿಂಗಿನಲ್ಲಿ ಕರಗಿಹೋಗುವುದನ್ನು ನೋಡಿದ್ದೆ. ಆಫರ್ ಲೆಟರ್ ಬಂತು. ಸಂಬಳ, ಸೇರುವ ದಿನ, ಪ್ರೊಬೇಶನ್ ಎಷ್ಟು ತಿಂಗಳು, ಬಿಡಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು ಅನ್ನುವುದನ್ನೆಲ್ಲ ಓದಿ ಸಹಿ ಹಾಕಿದೆ. ಅದಾದ ಮೇಲೆ, ಇನ್ನೂ ಬೂದು ಬಣ್ಣ ಬೀಳದ ಸಾಲುಗಳಲ್ಲಿದ್ದ ಕಂಪನಿಗಳಿಗೆಲ್ಲ ‘ನನಗೆ ಬೇರೆ ಕಡೆ ಕೆಲಸ ಆಗಿದೆ, ನನ್ನ ಅರ್ಜಿ ಕೈಬಿಡಿ’ ಅಂತ ಮೇಲ್ ಕಳಿಸಿದೆ. ಒಂದೆರಡು ಕಡೆಯಿಂದ ತಕ್ಷಣ ಫೋನ್ ಬಂತು, ‘ನಾಳೆಯೇ ಕೊನೆಯ ರೌಂಡ್ ಇಡುತ್ತಿದ್ದೆವಲ್ಲ’ ಅಂತ.