ಟ್ರೆಡಲ್ ಮಿಷನ್ನಿಗೆ ತಂಬೂರಿ ತಂತಿ

ರಾಯಚೂರಿನ ತೀನ್ ಕಂದೀಲ್ ಹತ್ತಿರ ನಮ್ಮದೊಂದು ಸಣ್ಣ ಪ್ರೆಸ್ಸಿದೆ. ಮದುವೆ ಕಾರ್ಡು, ಕರಪತ್ರ ಎಲ್ಲ ಆಫ್‌ಸೆಟ್ಟಿಗೆ ಹೋಗಿ ಬಹಳ ವರ್ಷವಾಯಿತು. ಆದರೆ ಅಪ್ಪ ತಂದ ಟ್ರೆಡಲ್ ಮಿಷನ್, ಅಂದರೆ ಅಕ್ಷರದ ಅಚ್ಚುಮೊಳೆ ಜೋಡಿಸಿ ಒತ್ತುವ ಹಳೇ ಮುದ್ರಣ ಯಂತ್ರ, ಇವತ್ತಿಗೂ ದಿನಾ ಓಡುತ್ತದೆ. ಬಿಲ್ ಬುಕ್ಕಿಗೆ ನಂಬರ್ ಹಾಕಲು, ಹಾಳೆ ಹರಿಯುವ ಕಡೆ ತೂತಿನ ಗೆರೆ ಹೊಡೆಯಲು, ಕಾರ್ಡಿಗೆ ಮಡಿಕೆ ಕೊಡಲು ಅದೇ ಬೇಕು. ಗಂಜ್ ಮಾರುಕಟ್ಟೆಯ ದಲಾಲಿ ಅಂಗಡಿಗಳು, ಅಕ್ಕಿ ಮಿಲ್ಲುಗಳು, ಹತ್ತಿ ವ್ಯಾಪಾರಿಗಳು ನಮ್ಮ ಗಿರಾಕಿಗಳು. ಮಿಷನ್ ಮಾಡಿದ ಕಾರ್ಖಾನೆ ಈಗಿಲ್ಲ. ಬಿಡಿಭಾಗ ಬೇಕೆಂದರೆ ಇನ್ನೊಂದು ಸತ್ತ ಮಿಷನ್ನಿನಿಂದ ಬಿಚ್ಚಬೇಕು, ಇಲ್ಲ ನಾವೇ ಮಾಡಿಕೊಳ್ಳಬೇಕು. ಹದಿನೈದು ವರ್ಷದಿಂದ ನಾನು ಮಾಡಿಕೊಳ್ಳುತ್ತಾ ಬಂದಿದ್ದೇನೆ.

ಮೊದಲು ಕೈಕೊಟ್ಟಿದ್ದು ಮೊಳೆಗೆ ಮಸಿ ಹಚ್ಚುವ ರೋಲರ್. ಅಪ್ಪನ ಕಾಲದಲ್ಲಿ ರೋಲರನ್ನು ಮನೆಯಲ್ಲೇ ಎರಕ ಹೊಯ್ಯುತ್ತಿದ್ದರು. ಸರೇಸಿನ ಅಂಟನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಕಾಕಂಬಿ, ಗ್ಲಿಸರಿನ್ ಸೇರಿಸುತ್ತಿದ್ದರು. ಎಣ್ಣೆ ಸವರಿದ ಕೊಳವೆಯೊಳಗೆ ಕಬ್ಬಿಣದ ಸರಳು ನಿಲ್ಲಿಸಿ, ಗುಳ್ಳೆ ಏಳದಂತೆ ನಿಧಾನಕ್ಕೆ ಸುರಿಯಬೇಕು. ಮಾರನೇ ದಿನ ಹೊರಗೆಳೆದರೆ ಹಲಸಿನ ತೊಳೆಯಂಥ ನುಣುಪು. ಮಸಿ ಹಿಡಿಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ನಾನು ಇವತ್ತಿಗೂ ಒಪ್ಪುತ್ತೇನೆ. ಆದರೆ ನಮ್ಮೂರಿನ ಬೇಸಿಗೆ ಗೊತ್ತಲ್ವಾ? ಮೇ ತಿಂಗಳಲ್ಲಿ 42-43 ಡಿಗ್ರಿ ಬಂದರೆ ರೋಲರ್ ಹೊಟ್ಟೆ ಬಿಡುತ್ತಿತ್ತು. ಮಳೆಗಾಲದಲ್ಲಿ ನೀರು ಎಳೆದುಕೊಂಡು ಜಿಗಟಾಗುತ್ತಿತ್ತು. ಕಾಕಂಬಿಯ ಸಿಹಿಗೆ ಇರುವೆ, ಇಲಿ ಬೇರೆ. ಬೇಸಿಗೆಯಲ್ಲಿ ಅಪ್ಪ ಬೆಳಗಿನ ಐದಕ್ಕೆ ಮಿಷನ್ ಶುರು ಮಾಡಿ ಹತ್ತಕ್ಕೆ ನಿಲ್ಲಿಸುತ್ತಿದ್ದರು.

ನಾನು ಮಾಡಿದ ಮೊದಲ ಪ್ರಯೋಗ ಕೆಟ್ಟಿತು. ಹಳೆ ಟ್ಯೂಬ್ ಕತ್ತರಿಸಿ ಸರಳಿಗೆ ಬಿಗಿಯಾಗಿ ತೊಡಿಸಿದೆ. ಎರಡು ವಾರ ಚೆನ್ನಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದ ಹಾಗೆಲ್ಲ ರಬ್ಬರ್ ಊದಿಕೊಂಡು ಸಡಿಲವಾಯಿತು, ಎರಡು ತಿಂಗಳಿಗೆ ಸರಳಿನ ಮೇಲೆ ಜಾರತೊಡಗಿತು. ಟ್ಯೂಬಿನ ರಬ್ಬರಿಗೆ ಎಣ್ಣೆ ಆಗುವುದಿಲ್ಲ. ಮಸಿಗೆ, ಸೀಮೆಎಣ್ಣೆಗೆ ತಡೆಯುವುದು ನೈಟ್ರೈಲ್ ರಬ್ಬರ್. ಆಫ್‌ಸೆಟ್ ರೋಲರಿಗೆ ರಬ್ಬರ್ ಹಾಕುವವರು ಹೈದರಾಬಾದಿನಲ್ಲಿದ್ದಾರೆ. ಹಳೆ ಸರಳುಗಳನ್ನೇ ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋಗಿ ನೈಟ್ರೈಲ್ ಹಾಕಿಸಿಕೊಂಡು ಬಂದೆ. ಎಷ್ಟು ಗಟ್ಟಿ ಬೇಕು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಆಫ್‌ಸೆಟ್ಟಿಗೆ ಹಾಕುವ ಲೆಕ್ಕದಲ್ಲೇ 40 ಶೋರ್ ಹಾಕಿ ಕೊಟ್ಟರು (ಶೋರ್ ಅಂದರೆ ರಬ್ಬರಿನ ಗಟ್ಟಿತನದ ಅಳತೆ, ಅಂಕಿ ಹೆಚ್ಚಾದಷ್ಟೂ ಗಟ್ಟಿ). ಅದರ ಫಲ ಏನಾಯಿತು ಎಂದು ಮುಂದೆ ಹೇಳುತ್ತೇನೆ.

ರೋಲರಿನ ಎರಡೂ ತುದಿಗೆ ಒಂದೊಂದು ಗಾಲಿ ಇರುತ್ತದೆ. ಅದು ಮಿಷನ್ನಿನ ಬೀಡುಕಬ್ಬಿಣದ ಹಳಿಯ ಮೇಲೆ ಓಡುತ್ತದೆ. ಗಾಲಿಯ ವ್ಯಾಸ ರೋಲರಿನ ವ್ಯಾಸಕ್ಕೆ ಸಮ ಇರಬೇಕು. ಗಾಲಿ ಸವೆದು ಚಿಕ್ಕದಾದರೆ ರೋಲರ್ ಕೆಳಗಿಳಿದು ಅಚ್ಚುಮೊಳೆಯನ್ನು ತಿಕ್ಕುತ್ತದೆ, ಅಕ್ಷರದ ಪಕ್ಕಕ್ಕೆಲ್ಲ ಮಸಿ ಮೆತ್ತುತ್ತದೆ. ಲೇಥಿನವರ ಹತ್ತಿರ ಹೋದಾಗ ಅವರು ಉಕ್ಕಿನ ಗಾಲಿ ಮಾಡೋಣ, ಜನ್ಮಕ್ಕೆ ಸವೆಯುವುದಿಲ್ಲ ಎಂದರು. ನಾನು ಬೇಡವೆಂದೆ. ಗಾಲಿ ಸವೆಯದಿದ್ದರೆ ಹಳಿ ಸವೆಯುತ್ತದೆ. ಹಳಿಯನ್ನು ಯಾರು ಮಾಡಿಕೊಡುತ್ತಾರೆ? ನೈಲಾನ್ ಸರಳು ತಂದು ಗಾಲಿ ತಿರುಗಿಸಿಕೊಂಡೆ. ಕೆಲವು ವರ್ಷಕ್ಕೊಮ್ಮೆ ಬದಲಿಸುತ್ತೇನೆ, ಹಳಿ ಹಾಗೇ ಇದೆ. ಹಳೇ ಮಿಷನ್ ಇಟ್ಟುಕೊಂಡವರಿಗೆ ನಾನು ಹೇಳುವ ಮಾತು ಇದೊಂದೇ. ಮುರಿದ ಭಾಗದ ಹಾಗೇ ಇನ್ನೊಂದು ಮಾಡಿದರೆ ಸಾಲದು. ಅದರ ಜೊತೆ ಉಜ್ಜುವ ಭಾಗ ಯಾವುದು, ಎರಡರಲ್ಲಿ ಯಾವುದು ಮತ್ತೆ ಸಿಗುವುದಿಲ್ಲ ಎಂದು ನೋಡಿ, ಸಿಗುವುದನ್ನು ಮೆತ್ತಗೆ ಮಾಡಬೇಕು.

ಈಗ ನಂಬರಿಂಗ್ ಬಾಕ್ಸ್ ವಿಷಯ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪೆಟ್ಟಿಗೆ. ಒಳಗೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಕೆತ್ತಿದ ಚಕ್ರಗಳು ಸಾಲಾಗಿರುತ್ತವೆ. ಒಂದು ಪಕ್ಕದಲ್ಲಿ ‘ನಂ.’ ಎಂಬ ಗುಂಡಿ ಅಂಕಿಗಳಿಗಿಂತ ಸ್ವಲ್ಪ ಎತ್ತರಕ್ಕೆ ನಿಂತಿರುತ್ತದೆ. ಕಾಗದ ಒತ್ತಿದಾಗ ಗುಂಡಿ ಒಳಗೆ ಹೋಗುತ್ತದೆ, ಒತ್ತು ಬಿಟ್ಟು ಅದು ಮೇಲೆ ಬರುವಾಗ ಒಳಗಿನ ಕೊಕ್ಕೆ ಬಿಡಿ ಸ್ಥಾನದ ಚಕ್ರವನ್ನು ಒಂದು ಹಲ್ಲು ತಳ್ಳುತ್ತದೆ. ಒಂಬತ್ತು ಮುಗಿದ ಜಾಗದಲ್ಲಿ ಹಲ್ಲಿನ ಸಂದು ಆಳವಾಗಿದೆ. ಕೊಕ್ಕೆ ಅಲ್ಲಿಗೆ ಇಳಿದಾಗ ಪಕ್ಕದ ಚಕ್ರವೂ ಅದಕ್ಕೆ ಸಿಗುತ್ತದೆ, ಹತ್ತರ ಸ್ಥಾನ ತಿರುಗುತ್ತದೆ. ಇಷ್ಟು ಚಂದದ ಕೆಲಸವನ್ನು ಅಷ್ಟು ಸಣ್ಣ ಜಾಗದಲ್ಲಿ ಕೂರಿಸಿದವರಿಗೆ ಕೈ ಮುಗಿಯಬೇಕು.

2017ರಲ್ಲಿ ಜಿಎಸ್‌ಟಿ ಬಂತು. ಬಿಲ್ ನಂಬರು ವರ್ಷವಿಡೀ ಸಾಲು ತಪ್ಪದೆ ಬರಬೇಕು. ಸರಕಿನ ಬಿಲ್ಲಿಗೆ ಮೂರು ಪ್ರತಿ: ಕೊಂಡವರಿಗೆ ಒಂದು, ಲಾರಿಯವರಿಗೆ ಒಂದು, ಮಾರಿದವರಿಗೆ ಒಂದು. ನಾವು ಬಿಳಿ, ಗುಲಾಬಿ, ಹಳದಿ ಹಾಳೆಗಳಿಗೆ ಬೇರೆ ಬೇರೆಯಾಗಿ ನಂಬರ್ ಹೊಡೆದು ಆಮೇಲೆ ಜೋಡಿಸುತ್ತೇವೆ. ಒಂದು ಸಂಜೆ ಅಕ್ಕಿ ಮಿಲ್ಲೊಂದರ ಬಿಳಿ ಹಾಳೆ ಮುಗಿಸಿದೆವು. ಬಾಕ್ಸ್ ತೊಳೆಯುವಾಗ ಗುಂಡಿಯ ಸ್ಪ್ರಿಂಗ್ ತುಂಡಾಗಿದ್ದು ಕಂಡಿತು. ಬಾಲ್‌ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕಿದೆ. ಬೆಳಗ್ಗೆ ಗುಲಾಬಿ ಹಾಳೆ ಹೊಡೆದೆವು. ಜೋಡಿಸಿ, ಹೊಲಿದು, ಕಳಿಸಿಯೂ ಆಯಿತು. ನಾಲ್ಕು ದಿನಕ್ಕೆ ಬುಕ್ಕು ವಾಪಸ್ ಬಂತು. ಬಿಳಿಯಲ್ಲಿ 347 ಇದ್ದರೆ ಗುಲಾಬಿಯಲ್ಲಿ 348. ಅಲ್ಲಿಂದ ಮುಂದೆ ಎಲ್ಲವೂ ತಪ್ಪು. ಇಡೀ ಕೆಲಸ ನಮ್ಮ ಖರ್ಚಲ್ಲೇ ಮತ್ತೆ ಮಾಡಿಕೊಟ್ಟೆ.

ಕಾರಣ ಹುಡುಕಲು ಒಂದು ದಿನ ಪೂರ್ತಿ ಕುಳಿತೆ. ಕೊಕ್ಕೆ ಸರಿ ಇತ್ತು, ಚಕ್ರ ಸರಿ ಇತ್ತು. ಕೊನೆಗೆ ಕಾಗದ ಹಾಕದೆ ಫ್ಲೈವ್ಹೀಲನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಟಾರ್ಚ್ ಹಿಡಿದು ನೋಡಿದೆ. ರೋಲರ್ ಬಾಕ್ಸಿನ ಮೇಲೆ ಹಾದಾಗ ಗುಂಡಿ ಸ್ವಲ್ಪ ತಗ್ಗಿತು. ಇಪ್ಪತ್ತು ಸಲ ತಿರುಗಿಸಿದೆ. ಒಂದು ಸಲ ‘ಟಿಕ್’ ಅಂದಿತು. ಕಾಗದ ಮುಟ್ಟುವ ಮುಂಚೆ ರೋಲರೇ ನಂಬರನ್ನು ಮುಂದಕ್ಕೆ ತಳ್ಳಿತ್ತು! 40 ಶೋರಿನ ಗಟ್ಟಿ ರಬ್ಬರ್, ಜೊತೆಗೆ ಪೆನ್ನಿನ ಮೆತ್ತನೆ ಸ್ಪ್ರಿಂಗ್. ಒಂದೊಂದೇ ಆಗಿದ್ದರೆ ನಡೆದುಹೋಗುತ್ತಿತ್ತೇನೋ, ಎರಡೂ ಸೇರಿ ಕೆಡಿಸಿದವು.

ರೋಲರುಗಳಿಗೆ ಮತ್ತೆ 25 ಶೋರಿನ ರಬ್ಬರ್ ಹಾಕಿಸಿದೆ. ಫರ್ಮಾದ, ಅಂದರೆ ಮೊಳೆ ಜೋಡಿಸಿ ಬಿಗಿದ ಚೌಕಟ್ಟಿನ, ಎರಡೂ ಅಂಚಿಗೆ ಅಚ್ಚುಮೊಳೆಯಷ್ಟೇ ಎತ್ತರದ, ಅಂದರೆ 0.918 ಇಂಚಿನ, ಸಾಗುವಾನಿ ಪಟ್ಟಿ ಕೂರಿಸಿದೆ. ಈಗ ರೋಲರಿನ ಭಾರವನ್ನು ಆ ಪಟ್ಟಿಗಳು ಹೊರುತ್ತವೆ. ಸ್ಪ್ರಿಂಗಿಗೆ ಮಾತ್ರ ಬಹಳ ಹುಡುಕಿದೆ. ನಮ್ಮ ಓಣಿಯಲ್ಲಿ ಭಜನೆ ಮಾಡುವ ಹಿರಿಯರೊಬ್ಬರು ತಂಬೂರಿಗೆ ಉಕ್ಕಿನ ತಂತಿ ಕಟ್ಟುತ್ತಿದ್ದರು. ಉಳಿದ ತುಂಡು ಕೇಳಿ ತಂದೆ. ಅಂಥ ತಂತಿಗೆ ಸ್ಪ್ರಿಂಗಿನ ಗುಣ ಮೊದಲೇ ಇರುತ್ತದೆ, ಕಾಯಿಸಬಾರದು. ಕಾಯಿಸಿದರೆ ಸತ್ತುಹೋಗುತ್ತದೆ. ಬೇಕಾದ ಅಳತೆಗಿಂತ ಸಣ್ಣ ಕಬ್ಬಿಣದ ಮೊಳೆಗೆ ಬಿಗಿಯಾಗಿ ಸುತ್ತಬೇಕು, ಬಿಟ್ಟಾಗ ಅದು ಅಗಲವಾಗಿ ಸರಿಯಾದ ಅಳತೆಗೆ ಬರುತ್ತದೆ. ಎರಡು ತುದಿಯನ್ನು ಸಾಣೆಕಲ್ಲಿಗೆ ತಿಕ್ಕಿ ಚಪ್ಪಟೆ ಮಾಡಬೇಕು, ಇಲ್ಲದಿದ್ದರೆ ಗುಂಡಿ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಏಳನೆಯದೋ ಎಂಟನೆಯದೋ ಸರಿ ಬಂತು. ಅದೇ ಇವತ್ತಿಗೂ ಒಳಗಿದೆ.

ಕೊಕ್ಕೆಯಲ್ಲೂ ಒಮ್ಮೆ ತಪ್ಪಿದ್ದೆ. ಹ್ಯಾಕ್ಸಾ ಬ್ಲೇಡನ್ನು ಅರೆದು ಮಾಡಿದ ಕೊಕ್ಕೆ ಬಹಳ ಗಟ್ಟಿಯಾಗಿ, ಬಿಡಿ ಸ್ಥಾನದ ಚಕ್ರದ ಹಲ್ಲನ್ನೇ ತಿನ್ನತೊಡಗಿತು. ಚಕ್ರ ನಮ್ಮಿಂದ ಮಾಡಲಾಗುವುದಿಲ್ಲ. ಈಗ ಸಾದಾ ಕಬ್ಬಿಣದ ತಗಡಿನಿಂದ ಕೊಕ್ಕೆ ಮಾಡುತ್ತೇನೆ, ಸವೆದರೆ ಇನ್ನೊಂದು. ಬಾಕ್ಸಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ಹನಿ ಸಾಕು. ಜಾಸ್ತಿಯಾದರೆ ಮಸಿ ಕಲೆತು ಗೋಂದಿನಂತಾಗುತ್ತದೆ.

ಒಮ್ಮೆ ಮಿಷನ್ನಿನ ಪಕ್ಕದ ತೋಳು ಬಿರುಕು ಬಿಟ್ಟಿತ್ತು. ಕರೆಂಟ್ ವೆಲ್ಡಿಂಗ್ ಮಾಡಿಸಿದರೆ ಬೆಸುಗೆಯ ಪಕ್ಕದಲ್ಲೇ ಇನ್ನೊಂದು ಬಿರುಕು ಬಂತು. ಬೀಡುಕಬ್ಬಿಣ ಅವಸರ ತಡೆಯುವುದಿಲ್ಲ. ಆಮೇಲೆ ಹಳೆಯ ಕಮ್ಮಾರರೊಬ್ಬರು ತೋಳನ್ನು ಕುಲುಮೆಯಲ್ಲಿ ಕಾಯಿಸಿ, ಗ್ಯಾಸಿನಲ್ಲಿ ಹಿತ್ತಾಳೆ ತುಂಬಿ, ಬಿಸಿ ಬೂದಿಯಲ್ಲಿ ರಾತ್ರಿಯಿಡೀ ಹೂತಿಟ್ಟು ಕೊಟ್ಟರು. ಅದು ನಿಂತಿತು.

ಒತ್ತು ತಪ್ಪಿಸುವ ಹಿಡಿಕೆಯ ಭಾಗಗಳಿಗೆ ಮಾತ್ರ ನಾನು ಇಂಥ ಯಾವ ಉಪಾಯವನ್ನೂ ಮಾಡುವುದಿಲ್ಲ. ಹಾಳೆ ಇಡುವ ಕೈ ಒಳಗಿರುವ ಮಿಷನ್ ಇದು. ಅಲ್ಲಿನ ಪಿನ್ನು, ಬುಷ್ಷು ಲೇಥಿನಲ್ಲಿ ಹೊಸದಾಗಿಯೇ ಆಗಬೇಕು, ಅಲ್ಲಿಯವರೆಗೆ ಮಿಷನ್ ನಿಂತಿರಲಿ.

ಏಪ್ರಿಲ್ ಬಂದರೆ ಎಲ್ಲರಿಗೂ ಹೊಸ ವರ್ಷದ ಬುಕ್ಕು ಬೇಕು, ಎಲ್ಲವೂ ಒಂದರಿಂದ ಶುರು. ಈಗ ಪ್ರತಿ ಐವತ್ತು ಹಾಳೆಗೊಮ್ಮೆ ಬಿಳಿಯ ಪಕ್ಕ ಗುಲಾಬಿ ಇಟ್ಟು ನೋಡುತ್ತೇನೆ. ಮುರಿದ ಭಾಗಗಳೆಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿವೆ, ಅಳತೆ ಸಿಗುವುದು ಅವುಗಳಿಂದಲೇ. ನಮ್ಮ ಬಾಕ್ಸಿನ ಬಿಡಿ ಚಕ್ರದಲ್ಲಿ ಏಳರ ತಲೆ ಸವೆದು, ಒಂದರ ಹಾಗೆ ಕಾಣತೊಡಗಿದೆ. ಯಾರ ಪ್ರೆಸ್ಸಿನ ಮೂಲೆಯಲ್ಲಾದರೂ ಹಳೆ ನಂಬರಿಂಗ್ ಬಾಕ್ಸ್ ಬಿದ್ದಿದ್ದರೆ, ತುಕ್ಕು ಹಿಡಿದಿದ್ದರೂ ಸರಿ, ಸುಮ್ನೆ ಗುಜರಿಗೆ ಹಾಕಬೇಡಿ.