ಕೆರೆಯ ನೀರು ತಿಳಿಯಾಗಲು ಎಷ್ಟು ದಿನ ಬೇಕು? ಪ್ರೌಢಶಾಲೆಗೊಂದು ಪರಿಸರ ಪ್ರಯೋಗ

ಪರಿಸರ ಪ್ರಾಜೆಕ್ಟ್ ಎಂದೊಡನೆ ಬಣ್ಣ ಬಳಿದ ಮಾದರಿಯೊಂದು ಸಿದ್ಧವಾಗುತ್ತದೆ; ಅದರಲ್ಲಿ ಅಳೆಯುವಂಥದ್ದು ಏನೂ ಇರುವುದಿಲ್ಲ. ಅದರ ಬದಲು, ಜೋರು ಮಳೆಯ ನಂತರ ಕದಡಿದ ಕೆರೆ ತಿಳಿಯಾಗಲು ಎಷ್ಟು ದಿನ ಬೇಕೆಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಡಬಹುದು.

ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊಹೆಯನ್ನು ಕಾರಣಸಹಿತ ಬರೆದು ದಿನಾಂಕ ಹಾಕಲಿ. ಅಳತೆ ಶುರುವಾದ ಮೇಲೆ ಅದನ್ನು ತಿದ್ದುವಂತಿಲ್ಲ. ಈ ನಿಯಮ ಸಡಿಲವಾದರೆ ಎಲ್ಲರ ಊಹೆಯೂ ಸರಿಯಾಗಿಬಿಡುತ್ತದೆ!

ಉಪಕರಣ ಸರಳವಾದದ್ದು. ಇಟಲಿಯ ಖಗೋಳವಿಜ್ಞಾನಿ ಆಂಜೆಲೊ ಸೆಕಿ 1865ರಲ್ಲಿ ಸಮುದ್ರದ ತಿಳಿತನವನ್ನು ಬಿಳಿಯ ತಟ್ಟೆ ಇಳಿಬಿಟ್ಟು ಪರೀಕ್ಷಿಸಿದರು. ಕೆರೆಗಳಿಗೆ ಇಂದು ಬಳಸುವ ಸೆಕಿ ತಟ್ಟೆಯ ವ್ಯಾಸ 20 ಸೆಂ.ಮೀ. ಗಟ್ಟಿ ಪ್ಲಾಸ್ಟಿಕ್ ಮುಚ್ಚಳವನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಉಳಿದವಕ್ಕೆ ಬಿಳಿ ಬಣ್ಣ ಹಚ್ಚಬೇಕು. ನಡುವೆ ತೂತು ಕೊರೆದು, ಅಡಿಗೆ ಭಾರ ಕಟ್ಟಿ, ಹಿಗ್ಗದ ಹಗ್ಗ ಪೋಣಿಸಿ, ಹಗ್ಗದ ಮೇಲೆ ಪ್ರತಿ 5 ಸೆಂ.ಮೀ.ಗೆ ಗುರುತು ಹಾಕಬೇಕು.

ಅಳೆಯುವಾಗ ಯಾರೂ ನೀರಿಗೆ ಇಳಿಯಕೂಡದು. ಕಟಕಟೆಯಿರುವ ಸೇತುವೆಯೇ ಆಗಬೇಕು, ಜೊತೆಗೆ ಶಿಕ್ಷಕರಿರಬೇಕು. ಪ್ರತಿದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ನೆರಳಿನ ಬದಿಯಿಂದ ತಟ್ಟೆಯನ್ನು ಮೆಲ್ಲಗೆ ಇಳಿಸಿ, ಅದು ಕಣ್ಮರೆಯಾದ ಆಳವನ್ನೂ ಮೇಲೆಳೆಯುವಾಗ ಮತ್ತೆ ಕಂಡ ಆಳವನ್ನೂ ಬರೆದುಕೊಂಡು ಸರಾಸರಿ ತೆಗೆಯಬೇಕು: 62 ಮತ್ತು 58 ಬಂದರೆ 60 ಸೆಂ.ಮೀ. ತಳ ಮುಟ್ಟಿದರೂ ತಟ್ಟೆ ಕಾಣುತ್ತಿದ್ದರೆ 'ತಳಕ್ಕಿಂತ ಹೆಚ್ಚು' ಎಂದಷ್ಟೇ ಬರೆಯಬೇಕು. ಮೂವರು ಬೇರೆ ಬೇರೆಯಾಗಿ ಅಳೆದರೆ ಮೂರು ಅಂಕಿಗಳು ಬರುವುದು ಸಹಜ. ಶಿಕ್ಷಕರು ಅಲ್ಲಿ 'ಸರಿ ಉತ್ತರ' ಹೇಳಲು ಹೋಗದೆ, ಅಲೆ, ಬಿಸಿಲಿನ ಪ್ರತಿಫಲನ, ನೋಡುವವರ ದೃಷ್ಟಿ ಇವುಗಳಲ್ಲಿ ಯಾವುದರಿಂದ ವ್ಯತ್ಯಾಸ ಬಂತೆಂದು ಮಕ್ಕಳೇ ಚರ್ಚಿಸಲು ಬಿಡುವುದು ಒಳ್ಳೆಯದು. ಪಾಠದ ತಿರುಳು ಇರುವುದೇ ಇಲ್ಲಿ.

ಪ್ರತಿದಿನದ ಅಳತೆಗಳು ಸೇರುತ್ತ ಹೋದಂತೆ, ತಟ್ಟೆ ಕಾಣುವ ಆಳದ ಗ್ರಾಫ್ ಬೆಳೆಯುತ್ತದೆ. ಜೊತೆಯಲ್ಲೇ ತರಗತಿಯಲ್ಲಿ ಬಾಟಲಿಯ ನೀರಿಗೆ ಒಂದು ಹಿಡಿ ಮಣ್ಣು ಹಾಕಿ ಕುಲುಕಿ ಇಟ್ಟರೆ, ಮರಳು ಬೇಗನೆ ತಳ ಸೇರುತ್ತದೆ, ಜೇಡಿಯ ಕಣಗಳು ಮರುದಿನವೂ ತೇಲುತ್ತಿರುತ್ತವೆ. ನಿಶ್ಚಲ ನೀರಿನಲ್ಲಿ ಸಣ್ಣ ಕಣದ ವ್ಯಾಸ ಅರ್ಧವಾದರೆ ಅದು ಇಳಿಯುವ ವೇಗ ಕಾಲು ಭಾಗಕ್ಕೆ ಕುಗ್ಗುತ್ತದೆ ಎಂಬ ನಿಯಮವನ್ನು ಆಗ ಹೇಳಿದರೆ, ಗ್ರಾಫ್ ಮೊದಲು ಸರ್ರನೆ ಏರಿ ಆಮೇಲೆ ನಿಧಾನವಾದದ್ದೇಕೆಂದು ಮಕ್ಕಳೇ ವಿವರಿಸುತ್ತಾರೆ. ಮಳೆಯಿಲ್ಲದೆಯೂ ತಟ್ಟೆ ಕಾಣುವ ಆಳ ಮತ್ತೆ ಕಡಿಮೆಯಾಗತೊಡಗಿತೇ? ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಹಸಿರು ಪಾಚಿ ಇದೆಯೇ ಎಂದು ನೋಡಿಸಿ.