‘ನಂಗ ಲೆಕ್ಕ ಬರಂಗಿಲ್ಲ’ ಅನ್ನುವ ಮಗುವಿಗೆ ಏನು ಮಾಡೋಣ?

ನಾಲ್ಕನೇ ತರಗತಿಯ ಮಗಳು ಒಂದು ಸಂಜೆ ಪಾಟಿಚೀಲ ಮೂಲೆಗೆ ಬಿಸಾಕಿ, ‘ನಂಗ ಲೆಕ್ಕ ಬರಂಗಿಲ್ಲಮ್ಮ’ ಅಂದಳು. ಕೊಪ್ಪಳದ ನಮ್ಮ ಮನೆಯಲ್ಲಿ ಉತ್ತರ ರೆಡಿ ಇತ್ತು: ‘ನಿಮ್ಮಪ್ಪಗೂ ಬರ್ತಿರಲಿಲ್ಲ, ಬಿಡು.’ ಹೇಳಿದವಳು ನಾನೇ. ಸಮಾಧಾನಕ್ಕೆ ಅಂದದ್ದು. ಆದರೆ ಅವಳಿಗೆ ಕೇಳಿಸಿದ್ದು, ಇದು ಮನೆತನದಲ್ಲೇ ಇಲ್ಲ, ಒದ್ದಾಡಿ ಏನು ಪ್ರಯೋಜನ ಅಂತ. ಮೊದಲು ಈ ಮಾತು ನಿಲ್ಲಿಸಿ. ಮಗು ‘ಬರಂಗಿಲ್ಲ’ ಅಂದರೆ ‘ಇನ್ನಾ ಬಂದಿಲ್ಲ’ ಅಂತ ತಿದ್ದಿ, ಸಾಕು. ಭಾಷಣ ಬೇಡ.

ಆಮೇಲೆ ನೋಟ್‌ಬುಕ್ ತೆಗೆಸಿ. ತಪ್ಪಾದ ಲೆಕ್ಕ ತೋರಿಸಿ, ‘ಇದನ್ನ ಹೆಂಗ ಮಾಡಿದಿ?’ ಅಂತ ಕೇಳಿ. ಬೈಯುವ ದನಿಯಲ್ಲಲ್ಲ, ನಿಜವಾಗಿ ತಿಳಿಯೋಕೆ. ನಮ್ಮವಳು 402ರಲ್ಲಿ 178 ಕಳೆದು 376 ಬರೆದಿದ್ದಳು. ಮೇಲಿದೆಯೋ ಕೆಳಗಿದೆಯೋ ನೋಡದೆ, ದೊಡ್ಡ ಅಂಕಿಯಿಂದ ಸಣ್ಣದನ್ನು ಕಳೆದಿದ್ದಾಳೆ: 8ರಲ್ಲಿ 2, 7ರಲ್ಲಿ 0, 4ರಲ್ಲಿ 1. ಅಂದರೆ ಕಳೆಯುವುದು ಬರುತ್ತದೆ, ಪಕ್ಕದ ಮನೆಯಿಂದ ಸಾಲ ತರುವುದು ಗೊತ್ತಿಲ್ಲ. ‘ಇದೊಂದೇ ಕಡೆ ಎಡವಿದಿ ನೋಡು’ ಅಂದಾಗ ಅವಳ ಮುಖ ಸ್ವಲ್ಪ ಸಡಿಲಾಯಿತು.

ಈಗ ದುಡ್ಡು ಹರಡಿ. ನೂರರ 4 ನೋಟು, ಒಂದು ರೂಪಾಯಿಯ 2 ನಾಣ್ಯ. ‘ಒಗ್ಗರಣಿ ಮಿರ್ಚಿ ಅಂಗಡ್ಯಾಗ 178 ಕೊಡಬೇಕು, ಕೊಡು.’ ಆಗಲ್ಲ, ಅಲ್ವಾ? ಒಂದು ನೂರಕ್ಕೆ ಹತ್ತರ 10 ನೋಟು ಚಿಲ್ಲರೆ ಮಾಡಿಸಬೇಕು. ಅದರಲ್ಲಿ ಒಂದು ಹತ್ತಕ್ಕೆ ಮತ್ತೆ ಒಂದರ 10 ನಾಣ್ಯ. ಈಗ 3 ನೂರು, 9 ಹತ್ತು, 12 ಒಂದು. ಕೊಟ್ಟ ಮೇಲೆ ಉಳಿದದ್ದನ್ನು ಅವಳೇ ಎಣಿಸಲಿ: 224. ನಾಣ್ಯ ಸಾಲದಿದ್ದರೆ ಹುಣಸೆ ಬೀಜ ನಡೆಯುತ್ತದೆ. ಇದೇ ಲೆಕ್ಕ ಆಮೇಲೆ ಹಾಳೆ ಮೇಲೆ.

ಸರಿಯಾದಾಗ ‘ಎಷ್ಟು ಶಾಣ್ಯಾಕಿ’ ಅನ್ನಬೇಡಿ. ನಾಲಗೆ ತುದಿಗೆ ಬರುವ ಮಾತು ಅದೇ, ಗೊತ್ತು. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜಾಣರು ಅಂತ ಹೊಗಳಿಸಿಕೊಂಡ ಐದನೇ ತರಗತಿ ಮಕ್ಕಳು ಕಷ್ಟದ ಪ್ರಶ್ನೆಗಳಲ್ಲಿ ಸೋತ ಮೇಲೆ ಮುಂದುವರಿಸೋಕೆ ಅಷ್ಟು ಆಸಕ್ತಿ ತೋರಿಸಲಿಲ್ಲ, ಆಮೇಲಿನ ಪ್ರಶ್ನೆಗಳಲ್ಲೂ ಹಿಂದೆ ಬಿದ್ದರು. ಶ್ರಮಕ್ಕೆ ಮೆಚ್ಚುಗೆ ಪಡೆದವರಿಗೆ ಮುಂದುವರಿಸುವ ಆಸಕ್ತಿ ಜಾಸ್ತಿ ಉಳಿದಿತ್ತು. ಹಾಗಾಗಿ ‘ಚಿಲ್ಲರೆ ಮಾಡಿಸೋದು ನೆನಪಿಟ್ಟಿ’ ಅನ್ನಿ. ಹಾಗಂತ ಬರೀ ಹೊಗಳಿದರೆ ಲೆಕ್ಕ ಬರಲ್ಲ. ತಪ್ಪು ಹುಡುಕುವ ಕೆಲಸ ಬಿಟ್ಟು ಸುಮ್ನೆ ‘ಪ್ರಯತ್ನ ಮಾಡು’ ಅನ್ನುವುದು ನನಗಂತೂ ಸೋಮಾರಿತನ ಅನ್ನಿಸುತ್ತದೆ.

ದಿನಕ್ಕೆ 15 ನಿಮಿಷ ಸಾಕು. ಎರಡು ಬರುವ ಲೆಕ್ಕ, ಒಂದು ಬರದ್ದು. ಪ್ರತಿ ಹಾಳೆಗೆ ತಾರೀಖು ಹಾಕಿಸಿ, ತಪ್ಪಾದದ್ದನ್ನು ಅಳಿಸಬೇಡಿ. ವಾರಗಟ್ಟಲೆ ಕೂತರೂ ಕದಲದಿದ್ದರೆ ಎರಡು ತರಗತಿ ಹಿಂದಿನ ಪುಸ್ತಕ ತೆಗೆಯಿರಿ, ಟೀಚರ್ ಹತ್ತಿರ ಮಾತಾಡಿ.

ತಿಂಗಳಾದ ಮೇಲೆ ನಾನು ಆ 376ರ ಹಾಳೆ ತೆಗೆದು ಮುಂದಿಟ್ಟೆ. ಮಗಳು ನೋಡಿ ನಕ್ಕಳು. ‘ಯಾರಮ್ಮ ಹಿಂಗ ಮಾಡಿದ್ದು?’